ಸಣ್ಣ ವ್ರತ, ಗಟ್ಟಿ ಬೇಲಿ



ಮೆಟ್ಟಿಲು ಹತ್ತಿ, ಸ್ವಾಮಿಯ ಪಾದಕ್ಕೆ ನಮಸ್ಕಾರ ಮಾಡಿ, ಈಗ ಬಂಡೆಯ ಮೇಲೋ ಮರದ ನೆರಳಿನಲ್ಲೋ ಕೂತು ಈ ಪುಸ್ತಿಕೆಯನ್ನು ತೆರೆದಿದ್ದೀರಿ. ನಿಮ್ಮಲ್ಲಿ ಜೈನ ಶ್ರಾವಕರೂ ಇದ್ದೀರಿ, ಅಲ್ಲದವರೂ ಇದ್ದೀರಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಕಡೆಯಿಂದ ಬರುವವರಲ್ಲಿ ಹೆಚ್ಚಿನವರು ರೈತಾಪಿ ಜನ. ಯಾವ ಮತದವರೇ ಆಗಲಿ, ಇಲ್ಲಿಗೆ ಬಂದವರು ಸ್ವಾಮಿಯ ಮುಖ ನೋಡಿದ ಕೂಡಲೇ ಒಂದು ಗಳಿಗೆ ಸುಮ್ಮನಾಗ್ತಾರೆ. ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನೋ ಒಂದು ಮಾತು ಹುಟ್ಟುತ್ತೆ. 'ಇನ್ಮೇಲೆ ಹೀಗಿರಬಾರದು' ಅನ್ನೋ ಮಾತು. ಈ ನಾಲ್ಕು ಪುಟಗಳ ವಿಷಯ ಆ ಮಾತೇ.

ಮೊದಲು ಈ ಸ್ವಾಮಿಯನ್ನೇ ಇನ್ನೊಮ್ಮೆ ನೋಡಿ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಕಾರ್ಕಳದ್ದು 42 ಅಡಿ, ಧರ್ಮಸ್ಥಳದ್ದು 39, ವೇಣೂರಿನದು 35. ನಮ್ಮ ಗೊಮ್ಮಟಗಿರಿಯ ಸ್ವಾಮಿ ಸುಮಾರು 18 ಅಡಿ. ಬೆಟ್ಟವೂ ಹಾಗೆಯೇ. ಬೆಟ್ಟ ಅನ್ನೋದಕ್ಕಿಂತ ಗುಡ್ಡ ಅಂದರೂ ನಡೆಯುತ್ತೆ, ಮುದುಕರೂ ನಿಧಾನವಾಗಿ ಹತ್ತಬಹುದು. ಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ಹನ್ನೆರಡು ವರ್ಷಕ್ಕೊಮ್ಮೆ. 2006ರಲ್ಲಿ ಆಯ್ತು, 2018ರಲ್ಲಿ ಆಯ್ತು. ಲಕ್ಷಾಂತರ ಜನ ಸೇರಿದರು, ನೋಡಿದವರ ಕಣ್ಣು ಪಾವನವಾಯ್ತು. ಇಲ್ಲಿ ಅಭಿಷೇಕ ವರ್ಷ ವರ್ಷವೂ ನಡೆಯುತ್ತೆ. ಬೆಳಗೊಳದ ಗೊಮ್ಮಟನನ್ನು ಕಂಡವರಿಗೆ ನಮ್ಮ ಸ್ವಾಮಿ ಚಿಕ್ಕವನಾಗಿ ಕಾಣಬಹುದು. ಆದರೆ ಚಿಕ್ಕದನ್ನು ಬಿಡದೆ ಮಾಡುವ ಶಕ್ತಿ ಎಂಥದ್ದು ಅಂತ ತಿಳಿಯಬೇಕಾದರೆ ಈ ಗುಡ್ಡದ ಮೇಲೇ ಕೂರಬೇಕು ಅಂತ ನನಗನ್ನಿಸುತ್ತೆ.

ಈಗ ಆ ಮನಸ್ಸಿನ ಮಾತಿಗೆ ಬರೋಣ. ದೇವರ ಎದುರು ನಿಂತಾಗ ನಮ್ಮ ಜನ ಹಿಡಿಯುವ ಪ್ರತಿಜ್ಞೆಗಳು ಸಾಮಾನ್ಯವಾಗಿ ದೊಡ್ಡವು. 'ಇವತ್ತಿಂದ ಕುಡಿಯೋದೇ ಇಲ್ಲ.' 'ಇನ್ನು ಈ ಜನ್ಮದಲ್ಲಿ ಬೀಡಿ ಮುಟ್ಟಲ್ಲ.' 'ಮನೇಲಿ ಯಾರ ಮೇಲೂ ಕೂಗಾಡಲ್ಲ.' 'ಇಸ್ಪೀಟು ಬಿಟ್ಟೆ.' ಕೆಲವರು ಮಗುವಿನ ತಲೆ ಮೇಲೆ ಕೈ ಇಟ್ಟು ಆಣೆ ಮಾಡ್ತಾರೆ. ಹೇಳುವಾಗ ಯಾರೂ ಸುಳ್ಳು ಹೇಳೋದಿಲ್ಲ, ಕಣ್ಣಲ್ಲಿ ನೀರು ಬಂದೇ ಹೇಳ್ತಾರೆ. ಆದರೆ ಹುಣಸೂರಿನ ಕಡೆಯವರಾದರೆ ಬಿಳಿಕೆರೆ, ಮೈಸೂರಿನ ಕಡೆಯವರಾದರೆ ಇಲವಾಲ ದಾಟೋದರೊಳಗೆ ಆ ಮಾತು ಅರ್ಧ ಕರಗಿರುತ್ತೆ. ವಾರದೊಳಗೆ ಪೂರ್ತಿ ಹೋಗಿರುತ್ತೆ.

ಹೋದರೆ ಹೋಯ್ತು, ದೇವರು ಕ್ಷಮಿಸ್ತಾನೆ ಅಂತ ಅಂದುಕೊಳ್ಳಬೇಡಿ. ಅಲ್ಲಿ ನಷ್ಟ ಆಗೋದು ದೇವರಿಗಲ್ಲ. ನೀವು ಪ್ರತಿಜ್ಞೆ ಮಾಡುವಾಗ ಪಕ್ಕದಲ್ಲಿ ನಿಮ್ಮ ಹೆಂಡತಿ ಕೈ ಮುಗಿದು ನಿಂತಿರ್ತಾಳೆ. ಮೊದಲನೇ ಸಲ ಕೇಳಿದಾಗ ಆಕೆ ಮನೆಗೆ ಹೋಗಿ ತುಪ್ಪದ ದೀಪ ಹಚ್ಚಿರ್ತಾಳೆ. ಮೂರನೇ ಸಲ ಕೇಳಿದಾಗ ಸುಮ್ಮನೆ ತಲೆ ಬಗ್ಗಿಸ್ತಾಳೆ. ಆರನೇ ಸಲಕ್ಕೆ ಆಕೆಯ ಮುಖ ನೋಡಿ, ಅಲ್ಲಿ ಸಿಟ್ಟೂ ಇರೋದಿಲ್ಲ. ಆಣೆ ಹಾಕಿಸಿಕೊಂಡ ಮಗು ಮುಂದೆ ಜ್ವರ ಬಂದು ಮಲಗಿದರೆ, ಅಪ್ಪನಿಗೆ ಅದರ ಮುಖ ನೋಡೋ ಧೈರ್ಯ ಇರೋದಿಲ್ಲ. ಆ ಸಂಕಟ ಮರೆಯೋದಕ್ಕೆ ಮತ್ತೆ ಅದೇ ಅಂಗಡಿಯ ಕಡೆಗೆ ಹೋಗ್ತಾನೆ. ದೊಡ್ಡ ಪ್ರತಿಜ್ಞೆ ಮುರಿದಾಗ ಚಟ ಮೊದಲಿಗಿಂತ ಬಲವಾಗಿರುತ್ತೆ, ಮಾತು ಮೊದಲಿಗಿಂತ ಹಗುರವಾಗಿರುತ್ತೆ.

ಇಲ್ಲಿ ಯಾರಾದರೂ ಕೇಳಬಹುದು. 'ಬಾಹುಬಲಿ ಸ್ವಾಮಿ ಒಂದು ವರ್ಷ ಅಲುಗದೆ ನಿಂತರಲ್ಲ, ಹುತ್ತ ಬೆಳೀತು, ಬಳ್ಳಿ ಹಬ್ಬಿತು, ಅದು ದೊಡ್ಡ ಪ್ರತಿಜ್ಞೆಯಲ್ಲವೇ?' ನಿಜ. ಆದರೆ ಆ ಕಥೆಯನ್ನು ಪೂರ್ತಿ ನೆನಪು ಮಾಡ್ಕೊಳ್ಳಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನೇ ಬಿಟ್ಟು ನಿಂತವರು ಅವರು. ಅಷ್ಟು ದೊಡ್ಡ ತಪಸ್ಸಿಗೂ ಕೇವಲಜ್ಞಾನ ತಡವಾಯ್ತು. ಯಾಕೆ? 'ಭರತನ ನೆಲದ ಮೇಲೆ ನಿಂತಿದ್ದೇನೆ' ಅನ್ನೋ ಒಂದು ಸಣ್ಣ ಮುಳ್ಳು ಒಳಗೆ ಉಳಿದಿತ್ತು ಅಂತ ನಮ್ಮ ನಾಡಿನಲ್ಲಿ ಹೇಳೋದು ರೂಢಿ. ಭರತ ಚಕ್ರವರ್ತಿಯೇ ಬಂದು ಪೂಜಿಸಿದಾಗ ಆ ಮುಳ್ಳು ಕಳಚಿತು. ಸಣ್ಣದು ಅಂತ ನಾವು ಯಾವುದನ್ನ ಬಿಟ್ಟುಬಿಡ್ತೀವೋ ಅದೇ ಸ್ವಾಮಿಗೂ ಕೊನೆಯವರೆಗೆ ಕಾಡಿತು.

ಇನ್ನೊಂದು ವಿಷಯ. ಅವರದು ಮಹಾವ್ರತ, ಮುನಿಗಳದು. ಮನೆ ಮಠ, ಹೊಲ ಗದ್ದೆ, ಹೆಂಡತಿ ಮಕ್ಕಳು ಇರೋ ನಮಗೆ ಜಿನಧರ್ಮದಲ್ಲಿ ಬೇರೆ ದಾರಿಯನ್ನೇ ಹಾಕಿಕೊಟ್ಟಿದ್ದಾರೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯದಲ್ಲಿ ವ್ರತಗಳನ್ನು ಎರಡಾಗಿ ವಿಂಗಡಿಸಿದ್ದಾರೆ. ಪೂರ್ತಿ ಬಿಡೋದು ಮಹಾವ್ರತ. ಒಂದು ಭಾಗವನ್ನು ಬಿಡೋದು ಅಣುವ್ರತ. ಅಣು ಅಂದರೆ ಚಿಕ್ಕದು. ಹಿಂಸೆ, ಸುಳ್ಳು, ಕಳವು, ಪರಸ್ತ್ರೀ ಪರಪುರುಷರ ಆಸೆ, ಅತಿಯಾದ ಗಳಿಕೆ ಈ ಐದಕ್ಕೂ ಗೃಹಸ್ಥರಿಗೆ ಚಿಕ್ಕ ಅಳತೆಯ ವ್ರತಗಳಿವೆ. 1949ರಲ್ಲಿ ಆಚಾರ್ಯ ತುಳಸಿಯವರು ಇದೇ ಹೆಸರಿನಲ್ಲಿ ಅಣುವ್ರತ ಆಂದೋಲನ ಶುರು ಮಾಡಿ, ಜೈನರಲ್ಲದವರಿಗೂ ಬಾಗಿಲು ತೆರೆದರು. ಹೆಸರಲ್ಲೇ ಚಿಕ್ಕದು ಅಂತ ಇಟ್ಟುಕೊಂಡ ಚಳವಳಿ ಅದು.

ಚಿಕ್ಕದು ಅಂದರೆ ಎಷ್ಟು ಚಿಕ್ಕದು? ಇದಕ್ಕೆ ಒಂದು ಕಥೆ ಇದೆ. ಒಂಬತ್ತನೇ ಶತಮಾನದ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುತ್ತೆ. ಬೆಟ್ಟ ಇಳಿಯೋ ಅವಸರ ಇಲ್ಲದವರು ಸಾವಧಾನವಾಗಿ ಓದಿ.

ವಿಂಧ್ಯದ ಕಾಡಿನಲ್ಲಿ ಖದಿರಸಾರ ಅಂತ ಒಬ್ಬ ಬೇಡ. ಬೇಟೆಯೇ ಅವನ ಕಸುಬು, ಮಾಂಸವೇ ಅನ್ನ. ಒಂದು ದಿನ ಸಮಾಧಿಗುಪ್ತ ಮುನಿಗಳನ್ನು ಕಂಡ. ಏನನ್ನಿಸಿತೋ, ಬಿಲ್ಲು ಕೆಳಗಿಟ್ಟು ಅಡ್ಡಬಿದ್ದ.

"ಧರ್ಮಲಾಭವಾಗಲಿ" ಅಂದರು ಮುನಿಗಳು.

"ಧರ್ಮ ಅಂದ್ರೇನು ಬುದ್ಧಿ? ಲಾಭ ಅಂದ್ರೇನು?" ಅಂದ ಬೇಡ. ಎಷ್ಟು ನೇರವಾದ ಪ್ರಶ್ನೆ ನೋಡಿ. ನಾವು ಓದಿದವರು ಇದನ್ನ ಕೇಳೋದೇ ಇಲ್ಲ.

"ಮದ್ಯ, ಮಾಂಸ, ಜೇನು ಬಿಡೋದು ಧರ್ಮ. ಅದು ಕೈಗೂಡೋದೇ ಲಾಭ."

"ಅದು ನನ್ನ ಕೈಲಾಗಲ್ಲ ಬುದ್ಧಿ."

ಮುನಿಗಳು ಬೈಯಲಿಲ್ಲ. ನರಕದ ಹೆದರಿಕೆ ಹಾಕಲಿಲ್ಲ. ಸ್ವಲ್ಪ ಯೋಚನೆ ಮಾಡಿ ಕೇಳಿದರು, "ಆಗಲಪ್ಪ, ಕಾಗೆ ಮಾಂಸ ಯಾವತ್ತಾದರೂ ತಿಂದಿದ್ದೀಯಾ?"

ಬೇಡ ತಲೆ ಕೆರೆದುಕೊಂಡ. "ಇಲ್ಲ ಬುದ್ಧಿ, ಅದನ್ನ ತಿಂದಿಲ್ಲ."

"ಹಾಗಾದರೆ ಅದನ್ನೇ ಬಿಡು. ಇನ್ನು ಮುಂದೆ ಯಾವತ್ತೂ ತಿನ್ನಬೇಡ."

"ಅಷ್ಟೇನಾ? ಅದಾಗ್ತದೆ" ಅಂದು ಸಂತೋಷವಾಗಿ ವ್ರತ ತಗೊಂಡು ಹೋದ.

ಇಲ್ಲಿ ನಿಲ್ಲಿ ಸ್ವಲ್ಪ. ಎಂದೂ ತಿನ್ನದೇ ಇದ್ದದ್ದನ್ನು ಬಿಟ್ಟರೆ ಅದು ಎಂಥ ವ್ರತ? ಕೇಳಿದವರು ನಗಬಹುದು. ಆದರೆ ಮುನಿಗಳು ಆ ಹೊತ್ತಿಗೆ ಬೇಡನ ಊಟ ಬದಲಾಯಿಸಬೇಕು ಅಂತ ನೋಡಲಿಲ್ಲ. 'ಬೇಡ' ಅಂತ ತನಗೆ ತಾನೇ ಹೇಳಿಕೊಂಡು ಅದನ್ನ ಉಳಿಸಿಕೊಳ್ಳೋ ಅಭ್ಯಾಸ ಅವನಿಗೆ ಇರಲಿಲ್ಲ. ಅದನ್ನ ಹುಟ್ಟಿಸಿದರು.

ಕಾಲ ಕಳೀತು. ಖದಿರಸಾರನಿಗೆ ವಾಸಿಯಾಗದ ಕಾಯಿಲೆ ಬಂತು. ವೈದ್ಯರು ಹೇಳಿದರು, ಕಾಗೆ ಮಾಂಸವೇ ಇದಕ್ಕೆ ಮದ್ದು. ಖದಿರಸಾರ ಒಲ್ಲೆ ಅಂದ. 'ಪ್ರಾಣ ಹೋದರೆ ಹೋಗಲಿ, ಮುನಿಗಳ ಎದುರು ಹಿಡಿದದ್ದು ಅದೊಂದೇ ವ್ರತ, ಅದನ್ನೂ ಬಿಟ್ಟರೆ ನನ್ನದು ಅಂತ ಏನಿದೆ?' ಅಂದ. ಮನೆಯವರು ಬೇಡಿಕೊಂಡರೂ ಕೇಳಲಿಲ್ಲ. ದೂರದ ಊರಲ್ಲಿದ್ದ ಭಾಮೈದ ಶೂರವೀರನಿಗೆ ಹೇಳಿ ಕಳಿಸಿದರು.

ಶೂರವೀರ ಬರುವ ದಾರಿಯಲ್ಲಿ ದಟ್ಟವಾದ ಕಾಡು. ಅಲ್ಲೊಂದು ಮರದ ಕೆಳಗೆ ಒಬ್ಬ ಹೆಣ್ಣುಮಗಳು ಅಳ್ತಾ ಕೂತಿದ್ದಳು. "ಯಾಕಮ್ಮ ಅಳ್ತೀಯ?" ಅಂತ ಕೇಳಿದ. ಅವಳು ಯಕ್ಷಿ. "ನಿನ್ನ ಭಾವ ಕಾಗೆ ಮಾಂಸ ಬಿಟ್ಟ ಪುಣ್ಯದಿಂದ ಸತ್ತ ಮೇಲೆ ನನ್ನ ಗಂಡನಾಗುವವನು. ನೀನು ಹೋಗಿ ಅವನಿಗೆ ತಿನ್ನಿಸಿ ನರಕಕ್ಕೆ ಕಳಿಸೋದಕ್ಕೆ ಹೊರಟಿದ್ದೀಯಲ್ಲ, ಅದಕ್ಕೇ ಅಳ್ತಿದ್ದೀನಿ" ಅಂದಳು.

ಶೂರವೀರ ಊರು ಮುಟ್ಟಿದ. ಮೊದಲು ಪರೀಕ್ಷೆ ಮಾಡಿದ. "ಭಾವ, ಮದ್ದು ಅಂತ ತಿನ್ನು. ರುಚಿಗೆ ತಿಂತಾ ಇಲ್ಲವಲ್ಲ. ಬದುಕಿದರೆ ಆಮೇಲೆ ಎಷ್ಟು ವ್ರತ ಬೇಕಾದರೂ ಮಾಡಬಹುದು."

"ನೀನು ನನಗೆ ಪ್ರಾಣಕ್ಕೆ ಸಮಾನ. ಆದರೆ ನೀನು ಹೇಳ್ತಿರೋದು ನನಗೆ ಒಳ್ಳೇದಲ್ಲಪ್ಪ" ಅಂದ ಖದಿರಸಾರ.

ಆಗ ಶೂರವೀರ ಯಕ್ಷಿಯ ವಿಷಯ ಹೇಳಿದ. ಅದನ್ನು ಕೇಳಿದ ಖದಿರಸಾರ, 'ಇಷ್ಟು ಚಿಕ್ಕದಕ್ಕೇ ಇಷ್ಟು ಫಲ ಇದ್ದರೆ' ಅಂತ ಯೋಚನೆ ಮಾಡಿ, ಹಾಸಿಗೆಯಲ್ಲೇ ಎಲ್ಲ ಮಾಂಸವನ್ನೂ ಬಿಟ್ಟು ಐದೂ ಅಣುವ್ರತಗಳನ್ನು ತಗೊಂಡ. ಪ್ರಾಣ ಹೋಯ್ತು. ಶೂರವೀರ ಹಿಂತಿರುಗುವಾಗ ಯಕ್ಷಿಯನ್ನು ಕೇಳಿದ, "ಭಾವ ನಿನ್ನ ಗಂಡನಾದನೇ?" ಅವಳು, "ಇಲ್ಲ, ಅವನು ನಮ್ಮನ್ನೆಲ್ಲ ದಾಟಿ ಸೌಧರ್ಮ ಸ್ವರ್ಗಕ್ಕೆ ಹೋದ" ಅಂದಳು. ಅದೇ ಜೀವ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಹುಟ್ಟಿ ಮಹಾವೀರ ಸ್ವಾಮಿಯ ಸಮವಸರಣದಲ್ಲಿ ಕೂತು ಧರ್ಮ ಕೇಳಿತು ಅಂತ ಪುರಾಣ ಹೇಳುತ್ತೆ.

ಸ್ವರ್ಗದ ವಿಷಯ ನಿಮ್ಮ ನಿಮ್ಮ ನಂಬಿಕೆಗೆ ಬಿಟ್ಟದ್ದು. ಈ ಕಥೆಯಲ್ಲಿ ನಾವು ಹಿಡ್ಕೊಳ್ಳಬೇಕಾದ್ದು ಬೇರೆ ಇದೆ. ಖದಿರಸಾರನ ವ್ರತ ಚಿಕ್ಕದು, ಆದರೆ ಅರೆಬರೆ ಅಲ್ಲ. 'ಮಾಂಸ ಸ್ವಲ್ಪ ಕಮ್ಮಿ ಮಾಡು' ಅಂತ ಮುನಿಗಳು ಹೇಳಲಿಲ್ಲ. ಕಮ್ಮಿ ಅಂದರೆ ಎಷ್ಟು ಕಮ್ಮಿ? ಅದಕ್ಕೆ ಗಡಿಯೇ ಇಲ್ಲ. ಗಡಿ ಇಲ್ಲದ ಕಡೆ ಬೇಲಿ ಹಾಕೋಕಾಗಲ್ಲ. ಹತ್ತು ಎಕರೆಗೆ ಕಡ್ಡಿ ನೆಟ್ಟು ಬೇಲಿ ಅಂತ ಹೇಳಿಕೊಂಡರೆ ದನ ನಿಲ್ಲುತ್ತಾ? ಎರಡೇ ಗುಂಟೆ ಆಗಲಿ, ಸುತ್ತ ಸಂದಿಲ್ಲದ ಹಾಗೆ ಕಳ್ಳಿ ಹಾಕಿ ನೋಡಿ, ಒಳಗಿನ ಸೊಪ್ಪು ಉಳಿಯುತ್ತೆ. ಮುಂದಿನ ವರ್ಷ ಇನ್ನೆರಡು ಗುಂಟೆ ಸೇರಿಸಬಹುದು.

'ಬೀಡಿ ಕಮ್ಮಿ ಮಾಡ್ತೀನಿ' ಅನ್ನೋದು ವ್ರತ ಅಲ್ಲ, ಅದು ಆಸೆ. 'ಸಂಜೆ ದೇವರ ದೀಪ ಹಚ್ಚಿದ ಮೇಲೆ ಬೆಳಗಿನ ಕಾಫಿ ತನಕ ಬೀಡಿ ಮುಟ್ಟಲ್ಲ' ಅನ್ನೋದು ವ್ರತ. 'ಸಿಟ್ಟು ಮಾಡಲ್ಲ' ಅನ್ನೋದು ಯಾರ ಕೈಲೂ ಆಗದ ಮಾತು. 'ಊಟಕ್ಕೆ ಕೂತಾಗ ಸೊಸೆಯ ಅಡುಗೆಗೆ ಕೊಂಕು ತೆಗೆಯಲ್ಲ' ಅನ್ನೋದಕ್ಕೆ ಬೇಲಿ ಇದೆ. ತಾಯಂದಿರೇ, ಇದು ನಿಮಗೂ ಹೇಳಿದ್ದು. ಹುಡುಗರು ಮೊಬೈಲು ಬಿಡ್ತೀನಿ ಅಂತಾರೆ, ಬಿಡೋದಿಲ್ಲ. ಹಾಸಿಗೆಗೆ ಹೋಗುವಾಗ ಮೊಬೈಲನ್ನು ನಡುಮನೆಯಲ್ಲೇ ಇಟ್ಟು ಹೋಗೋದು ಅವರ ಕೈಲಾಗುತ್ತೆ. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ವ್ರತವನ್ನು ವಾರಕ್ಕೆ ಒಂದೇ ದಿನ ಹಿಡಿದವರಿದ್ದಾರೆ. ಅದು ಸಾಲದು ಅಂತ ಯಾರೂ ಹೀಗಳೆಯಬೇಡಿ.

ಇಲ್ಲಿ ಒಂದು ಮುಜುಗರದ ಮಾತನ್ನೂ ಹೇಳಿಬಿಡೋದು ಒಳ್ಳೇದು. ಈ ಬೆಟ್ಟದಿಂದ ಪಶ್ಚಿಮಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕು ಸೇರಿ ತಂಬಾಕಿನ ಸೀಮೆ. ತಂಬಾಕಿನ ದುಡ್ಡಿನಿಂದಲೇ ಮಕ್ಕಳು ಓದಿದ, ಮದುವೆಗಳಾದ ಮನೆಗಳು ಇಲ್ಲಿ ಸಾವಿರಾರು. ಅದರ ಹೊಗೆಯಿಂದ ಎದೆ ಕಟ್ಟಿಕೊಂಡವರೂ ಅದೇ ಮನೆಗಳಲ್ಲಿದ್ದಾರೆ. ಬೆಳೆಗಾರರನ್ನ ಬೈದು ಪುಣ್ಯ ಕಟ್ಟಿಕೊಳ್ಳೋ ಉದ್ದೇಶ ಈ ಪುಸ್ತಿಕೆಗಿಲ್ಲ. ಬದಲಿಗೆ ಅವರಿಗೇ ಗೊತ್ತಿರೋ ಒಂದು ವಿದ್ಯೆಯನ್ನು ನೆನಪಿಸಬಹುದು.

ಬ್ಯಾರನ್ನಿನಲ್ಲಿ ಸೊಪ್ಪು ಹದ ಮಾಡೋದು ಹೇಗೆ? ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ತುಂಬಿದ ಕೂಡಲೇ ಸೌದೆ ಒಡ್ಡಿ ಕುದಿ ಬಿಸಿ ಕೊಡ್ತೀರಾ? ಇಲ್ಲ. ಎಲೆ ಹಳದಿಗೆ ತಿರುಗೋ ತನಕ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಸಣ್ಣ ಬಿಸಿ. ಆಮೇಲೆ ಬಣ್ಣ ನಿಲ್ಲೋದಕ್ಕೆ ನಿಧಾನವಾಗಿ ಏರಿಸೋದು. ಎಲೆ ಒಣಗಿದ ಮೇಲೆ ನಡುನರ ಒಣಗೋದಕ್ಕೆ 160ರ ಹತ್ತಿರ ಹೋಗೋದು. ಐದಾರು ದಿನ, ರಾತ್ರಿ ಹಗಲು ಒಬ್ಬರಾದರೂ ಒಲೆ ಬಾಯಿ ಕಾಯಬೇಕು. ಅವಸರ ಮಾಡಿ ಮೊದಲ ದಿನವೇ ಬಿಸಿ ಏರಿಸಿದರೆ ಎಲೆ ಹಸಿರು ಹಸಿರಾಗೇ ಒಣಗಿ ಹೋಗುತ್ತೆ, ಹರಾಜಿನಲ್ಲಿ ಯಾರೂ ಕೇಳೋದಿಲ್ಲ. ಎಲೆಗೆ ಇಷ್ಟು ತಾಳ್ಮೆ ತೋರಿಸೋ ಮನುಷ್ಯ ತನ್ನ ಮನಸ್ಸಿಗೆ ಮಾತ್ರ ಒಂದೇ ದಿನಕ್ಕೆ 160 ಡಿಗ್ರಿ ಕೊಡ್ತಾನೆ.

ಆ ಬ್ಯಾರನ್ ಕಾಯೋ ತಿಂಗಳುಗಳು ಬಹುಮಟ್ಟಿಗೆ ಚಾತುರ್ಮಾಸದಲ್ಲೇ ಬರ್ತವೆ. ಆಷಾಢದಿಂದ ಕಾರ್ತಿಕದವರೆಗೆ ಮುನಿಗಳು ಒಂದೇ ಕಡೆ ನಿಂತು ವ್ರತ ನಡೆಸೋ ಕಾಲ. ನಿದ್ದೆ ಬರಬಾರದು ಅಂತ ರಾತ್ರಿಯಿಡೀ ಬೀಡಿ ಸೇದಿ, ಕಡೆಗೆ ಅದು ಅಭ್ಯಾಸವಾಗಿ ಉಳಿಯೋ ಕಾಲವೂ ಅದೇ. ನಾಲ್ಕು ತಿಂಗಳಿಗೆ ಮಾತ್ರ ಒಂದು ನಿಯಮ ಇಟ್ಟುಕೊಳ್ಳೋದಕ್ಕೆ ಇದಕ್ಕಿಂತ ತಕ್ಕ ಹೊತ್ತು ಬೇರೆ ಇಲ್ಲ. ನಮ್ಮ ಶ್ರಾವಕಾಚಾರದಲ್ಲಿ ಜೀವನಪೂರ್ತಿ ಹಿಡಿಯೋದಕ್ಕೆ ಯಮ ಅಂತಾರೆ, ಇಷ್ಟು ಕಾಲ ಅಂತ ಗೊತ್ತು ಮಾಡಿ ಹಿಡಿಯೋದಕ್ಕೆ ನಿಯಮ ಅಂತಾರೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದು ದಿನ, ಒಂದು ರಾತ್ರಿ, ಹದಿನೈದು ದಿನ, ಒಂದು ತಿಂಗಳು ಇಂಥ ಅಳತೆಗಳಿಗೂ ಜಾಗ ಇದೆ. ಹಿರಿಯರಿಗೆ ನಮ್ಮ ಯೋಗ್ಯತೆ ಗೊತ್ತಿತ್ತು.

ಇನ್ನು ಚೌಕಾಸಿಯ ವಿಷಯ. 'ಸ್ವಾಮಿ, ಬೋರ್‌ವೆಲ್‌ನಲ್ಲಿ ನೀರು ಬಂದರೆ ಕುಡಿತ ಬಿಡ್ತೀನಿ', 'ಮಗನಿಗೆ ಕೆಲಸ ಸಿಕ್ಕಿದರೆ ಸುಳ್ಳು ಹೇಳಲ್ಲ'. ಇದು ಹರಕೆ ಅಂತ ನಾವು ತಿಳೀತೀವಿ. ತತ್ತ್ವಾರ್ಥಸೂತ್ರದ ಅದೇ ಏಳನೇ ಅಧ್ಯಾಯದ ಪ್ರಕಾರ, ಒಳಗೆ ಮುಳ್ಳಿಲ್ಲದವನೇ ವ್ರತಿ. ಮುಳ್ಳಿಗೆ ಶಲ್ಯ ಅಂತ ಹೆಸರು. ಮೂರು ಶಲ್ಯಗಳಲ್ಲಿ ಒಂದು ಮಾಯೆ, ಅಂದರೆ ಕಪಟ. ಒಂದು ಮಿಥ್ಯಾತ್ವ. ಇನ್ನೊಂದು ನಿದಾನ, ಪ್ರತಿಫಲಕ್ಕೆ ಕೈ ಒಡ್ಡಿಕೊಂಡು ವ್ರತ ಮಾಡೋದು. ನೀರು ಬರದೇ ಹೋದರೆ? ಕುಡಿಯೋದಕ್ಕೆ ದೇವರೇ ಚೀಟಿ ಬರೆದುಕೊಟ್ಟ ಹಾಗಾಯ್ತು. ಬೋರ್‌ವೆಲ್ ಬೇರೆ, ಬಾಟಲಿ ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ.

ಸರಿ, ಸಣ್ಣ ವ್ರತವನ್ನೇ ಹಿಡಿದಿರಿ, ಅದೂ ತಪ್ಪಿತು. ಆಗೇನು? ಬಹಳ ಜನ ಬಿದ್ದುಹೋಗೋದು ಇಲ್ಲೇ. ಹಿರಿಯರು ತಪ್ಪಿನಲ್ಲೂ ನಾಲ್ಕು ಹಂತ ಹೇಳಿದ್ದಾರೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ. ಇದಕ್ಕೆ ಹಸಿರು ಹೊಲ ಕಂಡ ಮುದಿ ಎತ್ತಿನ ಉಪಮೆ ಉಂಟು. ಎತ್ತು ದೂರದಿಂದ ಪೈರು ನೋಡಿ ಆಸೆಪಟ್ಟಿತು, ಅದು ಅತಿಕ್ರಮ. ಬೇಲಿಯ ಹತ್ತಿರ ಬಂದು ಸಂದಿಯಲ್ಲಿ ಕತ್ತು ತೂರಿಸಿತು, ವ್ಯತಿಕ್ರಮ. ಒಳಗೆ ನುಗ್ಗಿ ಒಂದು ಬಾಯಿ ಕಿತ್ತುಕೊಂಡು ಹಿಂದಕ್ಕೆ ಬಂತು, ಅತಿಚಾರ. ಹೆದರಿಕೆ ಬಿಟ್ಟು ಒಳಗೇ ನಿಂತು ಮೇಯತೊಡಗಿತು, ಅನಾಚಾರ.

ದನ ಸಾಕಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಬಾಯಿ ಕಿತ್ತಾಗ ಎತ್ತನ್ನು ಅಟ್ಟಿ, ಬೇಲಿಯ ಸಂದಿಗೆ ಮುಳ್ಳು ಹಾಕ್ತೀರಿ. 'ಹೇಗೂ ಒಂದು ಬಾಯಿ ತಿಂತಲ್ಲ, ಪೂರ್ತಿ ಮೇಯ್ದುಕೊಳ್ಳಲಿ' ಅಂತ ಬಿಡೋ ರೈತ ಎಲ್ಲಾದರೂ ಇದ್ದಾನೆಯೇ? ಆದರೆ ಮನಸ್ಸಿನ ಹೊಲದಲ್ಲಿ ನಾವು ಮಾಡೋದು ಅದನ್ನೇ. ನಿನ್ನೆ ಸಂಜೆ ನೆಂಟರ ಮನೇಲಿ ಒಂದು ಬೀಡಿ ಸೇದಿದ್ದಾಯ್ತು, ವ್ರತ ಮುರೀತು, ಇನ್ನೇನು ಅಂತ ಇವತ್ತು ಒಂದು ಕಟ್ಟು ತರ್ತೀವಿ. ಒಂದು ಬೀಡಿ ಅತಿಚಾರ. ಕಟ್ಟು ತಂದದ್ದು ಅನಾಚಾರ. ಎರಡರ ನಡುವೆ ಒಂದು ರಾತ್ರಿ ಇತ್ತು. ಆ ರಾತ್ರಿ ಕೂತು ಸಂದಿ ಎಲ್ಲಿ ಬಿತ್ತು ಅಂತ ನೋಡಬಹುದಿತ್ತು.

ಅದನ್ನ ನೋಡೋದಕ್ಕೇ ಪ್ರತಿಕ್ರಮಣ ಅಂತ ಇಟ್ಟಿದ್ದಾರೆ. ದಿನದ ಕೊನೆಗೆ ಕೂತು ಆದ ತಪ್ಪನ್ನು ತಾನೇ ಒಪ್ಪಿಕೊಂಡು ಹಿಂದಿರುಗಿ ಬರೋದು. ಮಂತ್ರ ಬಲ್ಲವರು ಕ್ರಮವಾಗಿ ಮಾಡಲಿ. ಬಾರದವರು ಮಲಗೋ ಮುಂಚೆ ಗೋಡೆ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಗೀಟು ಹಾಕಲಿ. ಉಳಿದಿದ್ದರೆ ಗೀಟು, ತಪ್ಪಿದ್ದರೆ ಸೊನ್ನೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರೇ ಆದೀತು.

ಹಾಲಿನ ಮಾತು ಬಂತಲ್ಲ. 'ನಮ್ಮಂಥವರಿಗೆ ದಿನಾ ಒಂದೇ ಕೆಲಸ ತಪ್ಪದೆ ಮಾಡೋ ಶಿಸ್ತು ಎಲ್ಲಿಂದ ಬರಬೇಕು' ಅಂತ ಹೇಳೋ ಹೆಣ್ಣುಮಗಳೇ ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೇರಿಗೆ ಹಾಲು ಹಾಕ್ತಿರ್ತಾಳೆ. ಮಳೆ ಬಂದರೂ, ಜ್ವರ ಬಂದರೂ, ಮನೇಲಿ ಮದುವೆ ಇದ್ದರೂ. ಲೀಟರಿಗೆ ಸಿಗೋದು ಕೆಲವೇ ರೂಪಾಯಿ. ಆದರೆ ಹದಿನೈದು ದಿನದ ಬಟವಾಡೆ ಕೈಗೆ ಬಂದಾಗ ಅದು ಮಗುವಿನ ಫೀಸಾಗಿರುತ್ತೆ. ಆ ಶಿಸ್ತು ಆಕೆಗೆ ಯಾವ ಗುರುವೂ ಕಲಿಸಲಿಲ್ಲ. ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ, ಹಸು ಕೂಗಿ ನೆನಪು ಮಾಡುತ್ತೆ. ನಿಮ್ಮ ವ್ರತಕ್ಕೂ ಒಂದು ಹೊತ್ತು, ಒಂದು ಜಾಗ, ಕೂಗಿ ಕರೆಯೋ ಒಂದು ಹಸು ಬೇಕು. ಹಾಲು ಹಾಕಿ ಬಂದು ಕೈ ತೊಳೆದ ಕೂಡಲೇ ಒಂಬತ್ತು ಸಲ ಣಮೋಕಾರ, ಅಥವಾ ನಿಮ್ಮ ಮನೆದೇವರ ಹೆಸರು. ಹೀಗೆ ಹಳೆಯ ಅಭ್ಯಾಸದ ಕೊರಳಿಗೆ ಹೊಸದನ್ನು ಕಟ್ಟಬೇಕು.

ಎಷ್ಟು ದಿನಕ್ಕೆ ಅಭ್ಯಾಸ ಮೈಗೂಡುತ್ತೆ ಅಂತ ಕೇಳೋರು ಬಹಳ. ನಮ್ಮಲ್ಲಿ ಮಂಡಲ ಅಂತ 48 ದಿನದ ಲೆಕ್ಕ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊಟದ ಜೊತೆ ಹಣ್ಣು ತಿನ್ನೋದು, ನೀರು ಕುಡಿಯೋದು, ನಡೆಯೋದು ಇಂಥ ಸಣ್ಣ ಅಭ್ಯಾಸಗಳು ತಾವಾಗೇ ನಡೆಯುವ ಮಟ್ಟಕ್ಕೆ ಬರೋದಕ್ಕೆ ಸುಮಾರು 66 ದಿನ ಬೇಕಾಯ್ತು ಅಂತ ಅವರ ಲೆಕ್ಕ. ಆದರೆ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟ ಆಗಲಿಲ್ಲ ಅಂತಲೂ ಅವರೇ ಹೇಳಿದ್ದಾರೆ. ಪಕ್ಕದ ಮನೆಯವರದು ಮಂಡಲಕ್ಕೇ ಮುಗೀತು, ನಮ್ಮದು ಇನ್ನೂ ಆಗಲಿಲ್ಲ ಅಂತ ಕೊರಗುವವರು ಆ 254ನ್ನು ನೆನೆಸಿಕೊಳ್ಳಿ.

ಚಿಕ್ಕದರಲ್ಲೇ ಉಳಿದುಬಿಟ್ಟರೆ ಹೇಗೆ ಅನ್ನೋ ಪ್ರಶ್ನೆಗೂ ಉತ್ತರ ಇದೆ. ಶ್ರಾವಕರಿಗೆ ಹನ್ನೊಂದು ಪ್ರತಿಮೆಗಳನ್ನು ಹೇಳಿದ್ದಾರೆ. ಇಲ್ಲಿ ಪ್ರತಿಮೆ ಅಂದರೆ ಮೂರ್ತಿ ಅಲ್ಲ, ಮೆಟ್ಟಿಲು. ಮೊದಲನೆಯದು ದರ್ಶನ, ಸರಿಯಾದ ನಂಬಿಕೆ. ಎರಡನೆಯದು ವ್ರತ. ಮೂರನೆಯದು ಸಾಮಾಯಿಕ, ಅಂದರೆ 48 ನಿಮಿಷ ಸಮಭಾವದಲ್ಲಿ ಕೂರುವ ಅಭ್ಯಾಸ. ಹೀಗೆ ಏರುತ್ತಾ ಆರನೆಯದು ರಾತ್ರಿಭುಕ್ತಿ ತ್ಯಾಗ, ಒಂಬತ್ತನೆಯದು ಪರಿಗ್ರಹ ತ್ಯಾಗ. ಹನ್ನೊಂದನೆಯದಕ್ಕೆ ಬಂದವನು ಮುನಿಯ ಬಾಗಿಲಲ್ಲೇ ನಿಂತಿರ್ತಾನೆ. ಇದರಲ್ಲಿ ಒಂದು ಸೊಗಸಿದೆ. ಮೇಲಿನ ಮೆಟ್ಟಿಲಿಗೆ ಹೋದವನು ಕೆಳಗಿನ ಮೆಟ್ಟಿಲಿನ ಗುಣವನ್ನು ಬಿಟ್ಟು ಹೋಗುವ ಹಾಗಿಲ್ಲ, ಅದನ್ನೂ ಹೊತ್ತುಕೊಂಡೇ ಹೋಗಬೇಕು ಅಂತ ಸಮಂತಭದ್ರರು ಹೇಳ್ತಾರೆ. ಅದಕ್ಕೇ ಬೇಗ ಬೇಗ ಏರೋದರಲ್ಲಿ ಅರ್ಥ ಇಲ್ಲ. ಎರಡನೇ ವ್ರತ ಹಿಡಿಯೋ ಮುಂಚೆ ಮೊದಲನೆಯದು ನಿಮ್ಮ ಮೈಮೇಲಿನ ಬಟ್ಟೆಯಷ್ಟು ಸಹಜ ಆಗಿದೆಯಾ ನೋಡಿಕೊಳ್ಳಿ. ದಶಲಕ್ಷಣ ಪರ್ವದ ಹತ್ತು ದಿನ ಹತ್ತು ವ್ರತ ಹಿಡಿದು, ಹನ್ನೊಂದನೇ ದಿನ ಒಂದೂ ಇಲ್ಲದವರು ನಮ್ಮ ಸಮಾಜದಲ್ಲೂ ಕಮ್ಮಿ ಇಲ್ಲ.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವರ್ಷಗಟ್ಟಲೆ ಪ್ರತಿದಿನ ವಿಪರೀತ ಕುಡಿದವರು ಬೆಟ್ಟದ ಮೇಲೆ ಶಪಥ ಮಾಡಿ ಅಂದೇ ಒಮ್ಮೆಗೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯ ಆಗಬಹುದು. ಅಂಥವರು ಹಿಡಿಯಬೇಕಾದ ಸಣ್ಣ ವ್ರತ ಒಂದೇ. 'ನಾಳೆ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ' ಅನ್ನೋದು. ಮನೆಯವರು ಜೊತೆಗೆ ಹೋಗಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡೋರಿಗೆ ಅಂಥ ಅಪಾಯ ಇಲ್ಲ. ಸಂಜೆಯ ಬೇಲಿ ಗಟ್ಟಿಯಾದ ಮೇಲೆ ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸೋದು, ಎಳೆದಾಡಿ ಕಮ್ಮಿ ಮಾಡೋದಕ್ಕಿಂತ ಹೆಚ್ಚು ಕೈಗೂಡುತ್ತೆ ಅಂತ 2016ರಲ್ಲಿ ಆಕ್ಸ್‌ಫರ್ಡಿನವರು ಪ್ರಕಟಿಸಿದ ಅಧ್ಯಯನವೂ ತೋರಿಸಿದೆ. ತಂಬಾಕು ಬಿಡೋದಕ್ಕೆ ಸಲಹೆ ಕೊಡುವ ಸರ್ಕಾರದ ಉಚಿತ ಫೋನ್ 1800-11-2356. ದೇವರಿಗೆ ಕೈ ಮುಗಿದವರು ಡಾಕ್ಟರಿಗೆ ಫೋನ್ ಮಾಡಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಮನೆಯವರಿಗೂ ಎರಡು ಮಾತು. ನಿಮ್ಮ ಯಜಮಾನರೋ ಮಗನೋ ಇವತ್ತು ಒಂದು ಸಣ್ಣ ವ್ರತ ಹಿಡಿದರೆ, 'ಇಷ್ಟೇನಾ?' ಅಂತ ನಗಬೇಡಿ. ಎಷ್ಟೋ ಸಲ ದೊಡ್ಡ ಮಾತು ಕೇಳಿ ಮೋಸಹೋದವರು ನೀವು, ನಿಮಗೆ ನಗೋ ಹಕ್ಕಿದೆ, ಆದರೂ ಬೇಡಿ. ಹೊಗಳೋದಕ್ಕೂ ಹೋಗಬೇಡಿ. ರಾತ್ರಿ ಕ್ಯಾಲೆಂಡರಿನ ಗೀಟನ್ನು ನೋಡಿ, ಅಷ್ಟು ಸಾಕು. ನೀವು ನೋಡ್ತೀರಿ ಅನ್ನೋದು ಅವರಿಗೆ ಗೊತ್ತಿರುತ್ತೆ.

ಈಗ ಕೆಳಗೆ ಇಳಿಯೋ ಮುಂಚೆ ಇನ್ನೊಂದು ಗಳಿಗೆ ಸ್ವಾಮಿಯ ಎದುರು ನಿಂತುಕೊಳ್ಳಿ. ದೊಡ್ಡ ಮಾತು ನಾಲಿಗೆ ಮೇಲೆ ಬಂದರೆ ನುಂಗಿಕೊಳ್ಳಿ. ಮಳೆ ಸುರೀತಾ ಇರೋ, ಸಾಲಗಾರ ಬಾಗಿಲಿಗೆ ಬಂದಿರೋ, ಮನೇಲಿ ಜಗಳ ಆಗಿರೋ ದಿನದಲ್ಲೂ ಉಳಿಸಿಕೊಳ್ಳಬಲ್ಲ ಅಳತೆಯದ್ದು ಯಾವುದು ಅಂತ ನೋಡಿ ಅದೊಂದನ್ನೇ ಹೇಳಿ. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾವ ತಿಂಗಳವರೆಗೆ ಅನ್ನೋದನ್ನೂ ಸೇರಿಸಿ. ಈ ಪುಸ್ತಿಕೆಯ ಹಿಂದಿನ ರಟ್ಟಿನ ಒಳಭಾಗದಲ್ಲಿ ಅದನ್ನು ಇವತ್ತಿನ ತಾರೀಖು ಹಾಕಿ ಬರೆದುಕೊಳ್ಳಿ. ಓದು ಬಾರದವರು ಮಕ್ಕಳ ಕೈಲಿ ಬರೆಸಿ. ಮುಂದಿನ ವರ್ಷದ ಅಭಿಷೇಕಕ್ಕೆ ಬರುವಾಗ ಇದೇ ಪುಸ್ತಿಕೆಯನ್ನು ಜೊತೆಗೆ ತನ್ನಿ. ಅದರ ಕೆಳಗೆ ಇನ್ನೊಂದು ಸಾಲು ಬರೆಯೋದಕ್ಕೆ ಜಾಗ ಇರುತ್ತೆ.